ಮೈಸೂರು ವಾಸುದೇವಾಚಾರ್ಯ

ಮೈಸೂರು ವಾಸುದೇವಾಚಾರ್ಯ (28 ಮೇ 1865 – 17 ಮೇ 1961) ಕರ್ನಾಟಕ ಸಂಗೀತದ ಗಾಯಕರು, ವಾಗ್ಗೇಯಕಾರರು ಹಾಗೂ ಕನ್ನಡ ಲೇಖಕರು. ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸರಾಗಿದ್ದ ಇವರು ತೆಲುಗು ಮತ್ತು ಸಂಸ್ಕೃತ ಭಾಷೆಗಳಲ್ಲಿ ಸುಮಾರು 200 ಕೃತಿಗಳನ್ನು ರಚಿಸಿದ್ದಾರೆ. ‘ವಾಸುದೇವ’ ಎಂಬುದು ಇವರ ಅಂಕಿತ. ಮಧ್ಯಮಕಾಲದ ಚುರುಕು ನಡೆ ಮತ್ತು ಲವಲವಿಕೆಯ ಚಿಟ್ಟೆಸ್ವರಗಳು ಇವರ ರಚನೆಗಳ ಗುರುತಾಗಿದ್ದು, ಶಾಸ್ತ್ರೀಯ ಸಂಗೀತವನ್ನು ಹೊಸದಾಗಿ ಕೇಳತೊಡಗುವವರನ್ನೂ ಇವು ಸುಲಭವಾಗಿ ಸೆಳೆಯುತ್ತವೆ.

ಬಾಲ್ಯ ಮತ್ತು ಶಿಕ್ಷಣ

ವಾಸುದೇವಾಚಾರ್ಯರು ಮೈಸೂರಿನಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯ ತಂದೆಯ ಆಶ್ರಯದಲ್ಲಿ ಬೆಳೆದರು. ಮಹಾರಾಜರ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಅಲಂಕಾರ ಮೊದಲಾದ ಶಾಸ್ತ್ರಗಳನ್ನು ಅಭ್ಯಸಿಸಿದರು. ಅದೇ ಕಾಲದಲ್ಲಿ ಆಸ್ಥಾನದ ವೈಣಿಕರಾದ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತಾಭ್ಯಾಸವೂ ನಡೆಯಿತು. ಮುಂದೆ ಇವರು ಸಂಸ್ಕೃತದಲ್ಲಿ ನಿರಾಯಾಸವಾಗಿ ಸಾಹಿತ್ಯ ರಚಿಸಲು ಪಾಠಶಾಲೆಯ ಈ ಬುನಾದಿಯೇ ನೆರವಾಯಿತು.

ತಿರುವೈಯಾರಿನ ಗುರುಕುಲವಾಸ

ಇವರ ಪ್ರತಿಭೆಯನ್ನು ಗುರುತಿಸಿದ ಹತ್ತನೆಯ ಚಾಮರಾಜ ಒಡೆಯರು, ಉನ್ನತ ಶಿಕ್ಷಣಕ್ಕಾಗಿ ಇವರನ್ನು ಅರಮನೆಯ ವೇತನದೊಡನೆ ತಂಜಾವೂರು ಸೀಮೆಯ ತಿರುವೈಯಾರಿಗೆ ಕಳುಹಿಸಿದರು. ಅಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ (1845–1902) ಅವರು ಇವರಿಗೆ ಗುರುಗಳಾಗಿ ದೊರೆತರು. ಅಯ್ಯರ್ ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಅವರು ತ್ಯಾಗರಾಜರ ನೇರ ಶಿಷ್ಯರು. ಹೀಗಾಗಿ ವಾಸುದೇವಾಚಾರ್ಯರು ತ್ಯಾಗರಾಜರ ಶಿಷ್ಯಪರಂಪರೆಯ ಮೂರನೆಯ ತಲೆಮಾರಿಗೆ ಸೇರುತ್ತಾರೆ.

ಗುರುಗಳ ಹೆಸರಿನಲ್ಲಿರುವ ‘ಪಟ್ಣಂ’ ಎಂಬುದು ಅವರು ಕೆಲಕಾಲ ನೆಲೆಸಿದ್ದ ಮದರಾಸಿನ ಹಳೆಯ ಹೆಸರಾದ ಚೆನ್ನಪಟ್ಣದಿಂದ ಬಂದುದು. ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಯ ಚನ್ನಪಟ್ಟಣಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಆ ಚನ್ನಪಟ್ಟಣಕ್ಕೂ ಸಂಗೀತದಲ್ಲಿ ತನ್ನದೇ ಆದ ಸ್ಥಾನವಿತ್ತು. ಅರಗಿನ ಬಣ್ಣದ ಬೊಂಬೆಗಳಂತೆಯೇ ಅಲ್ಲಿ ತಯಾರಾಗುತ್ತಿದ್ದ ನಯವಾದ ಉಕ್ಕಿನ ತಂತಿಗಳಿಗೂ ವಾದ್ಯಗಳಿಗಾಗಿ ದಕ್ಷಿಣ ಭಾರತದಲ್ಲೆಲ್ಲ ಬೇಡಿಕೆಯಿತ್ತು.

ಸುಬ್ರಹ್ಮಣ್ಯ ಅಯ್ಯರ್ ಅವರು ಕದನಕುತೂಹಲ ರಾಗವನ್ನು ರೂಪಿಸಿ ಅದರಲ್ಲಿ ‘ರಘುವಂಶ ಸುಧಾಂಬುಧಿ’ ಕೃತಿಯನ್ನು ರಚಿಸಿದವರು. ಈ ರಾಗದ ಆರೋಹಣ ನೇರವಾಗಿ ಮೇಲೇರದೆ ಸ ರಿ ಮ ದ ನಿ ಗ ಪ ಸ ಎಂದು ಜಿಗಿಯುತ್ತ ಸಾಗುತ್ತದೆ. ಕೇಳುಗರಿಗೆ ಉತ್ಸಾಹ ತುಂಬುವ ಕೃತಿಗಳಲ್ಲಿ ಇದು ಇಂದಿಗೂ ಮುಂಚೂಣಿಯಲ್ಲಿದೆ. ಇಂತಹ ಗುರುವಿನ ಬಳಿ ಕಳೆದ ವರ್ಷಗಳಲ್ಲಿ ರಾಗ, ತಾನ, ಪಲ್ಲವಿಗಳ ಕಠಿಣ ಸಾಧನೆಯ ಜೊತೆಗೆ ಕೃತಿರಚನೆಯ ಮರ್ಮವೂ ಶಿಷ್ಯನಿಗೆ ದಕ್ಕಿತು.

ಆಸ್ಥಾನ ವಿದ್ವಾಂಸರಾಗಿ

ಮೈಸೂರಿಗೆ ಮರಳಿದ ವಾಸುದೇವಾಚಾರ್ಯರು ಆಸ್ಥಾನ ವಿದ್ವಾಂಸರಾದರು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ ಮೊದಲಾದ ಹಿರಿಯ ಕಲಾವಿದರಿದ್ದ ಕಾಲವದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯುದ್ದಕ್ಕೂ ಇವರು ಆಸ್ಥಾನದಲ್ಲಿದ್ದರು. ಸ್ವತಃ ವಾಗ್ಗೇಯಕಾರರಾದ ಜಯಚಾಮರಾಜ ಒಡೆಯರಿಗೂ ಸಂಗೀತದಲ್ಲಿ ಇವರ ಮಾರ್ಗದರ್ಶನ ದೊರೆಯಿತು. 1935ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಇವರಿಗೆ ‘ಸಂಗೀತ ಕಲಾನಿಧಿ’ ಬಿರುದನ್ನು ನೀಡಿತು.

ಚುರುಕು ನಡೆಯ ಕೃತಿಗಳು

ಖಮಾಚ್ ರಾಗ, ಆದಿತಾಳದ ‘ಬ್ರೋಚೇವಾರೆವರುರಾ’ ಇವರ ಅತ್ಯಂತ ಜನಪ್ರಿಯ ಕೃತಿ. ಶ್ರೀರಾಮನನ್ನು ಕುರಿತ ಈ ತೆಲುಗು ರಚನೆಯಲ್ಲಿ ಪಲ್ಲವಿಯ ಸಂಗತಿಗಳು ಒಂದರ ಮೇಲೊಂದು ಬೆಳೆಯುತ್ತವೆ. ಚಿಟ್ಟೆಸ್ವರವು ಓಡುವ ಹೊಳೆಯಂತೆ ಹರಿದು ಮತ್ತೆ ಪಲ್ಲವಿಯನ್ನು ಸೇರುತ್ತದೆ. 1980ರಲ್ಲಿ ತೆರೆಕಂಡ ತೆಲುಗು ಚಲನಚಿತ್ರ ‘ಶಂಕರಾಭರಣಂ’ ಮೂಲಕ ಈ ಕೃತಿಯು ಸಂಗೀತ ಕಚೇರಿಗಳಿಗೆ ಹೋಗದ ಜನರನ್ನೂ ತಲುಪಿತು.

ಇದೇ ಲವಲವಿಕೆಯನ್ನು ಬೇರೆ ಬೇರೆ ರಾಗಗಳಲ್ಲಿ ಸವಿಯಲು ಈ ಕೆಳಗಿನ ಕೃತಿಗಳು ಸೂಕ್ತವಾಗಿವೆ:

• ‘ಮಾಮವತು ಶ್ರೀ ಸರಸ್ವತೀ’ – ಹಿಂದೋಳ. ಐದೇ ಸ್ವರಗಳ ರಾಗ, ಸಂಸ್ಕೃತ ಸಾಹಿತ್ಯ.
• ‘ರಾರಾ ರಾಜೀವಲೋಚನ’ – ಮೋಹನ. ಇದೂ ಐದು ಸ್ವರಗಳ, ಪ್ರಸನ್ನ ಸ್ವಭಾವದ ರಾಗ.
• ‘ದೇವಾದಿದೇವ’ – ಸುನಾದವಿನೋದಿನಿ. ಅಪರೂಪದ ರಾಗಕ್ಕೆ ಪ್ರಚಾರ ತಂದ ರಚನೆ.
• ‘ಭಜರೇ ರೇ ಮಾನಸ’ – ಆಭೇರಿ. ಮೇಲಿನವುಗಳಿಗಿಂತ ತುಸು ಮೃದು. ಅವುಗಳ ನಂತರ ಕೇಳಲು ಹಿತ.

ಚುರುಕಾದ ಕೃತಿಗಳು ಹಗುರವಾದವು, ಕಚೇರಿಯ ತೂಕವೆಲ್ಲ ವಿಳಂಬ ನಡೆಯದು ಎಂಬ ಭಾವನೆ ರಸಿಕರಲ್ಲಿ ಉಂಟು. ವಾಸುದೇವಾಚಾರ್ಯರ ರಚನೆಗಳು ಇದನ್ನು ಒಪ್ಪುವುದಿಲ್ಲ. ಅವುಗಳಲ್ಲಿ ವೇಗವಿದ್ದರೂ ಪದ ತುಂಡಾಗುವುದಿಲ್ಲ, ರಾಗದ ಚಹರೆ ಮಸುಕಾಗುವುದಿಲ್ಲ. ಸಂಸ್ಕೃತ ವ್ಯಾಸಂಗದಿಂದ ಬಂದ ಪದಶುದ್ಧಿ ಹಾಗೂ ತಿರುವೈಯಾರಿನಲ್ಲಿ ಕಲಿತ ಲಯದ ಬಿಗಿ, ಇವೆರಡೂ ಸೇರಿ ಆ ವೇಗವನ್ನು ಹಿಡಿತದಲ್ಲಿಟ್ಟಿವೆ. ಪ್ರೌಢ ವಿದ್ವಾಂಸರು ಇವನ್ನು ವಿಸ್ತಾರವಾಗಿ ಹಾಡಬಲ್ಲರು. ಹೊಸ ಕೇಳುಗರು ಮೊದಲ ಸಲವೇ ತಲೆದೂಗಬಲ್ಲರು.

ಕಲಾಕ್ಷೇತ್ರ

ಸ್ವಾತಂತ್ರ್ಯಾನಂತರ ಮೈಸೂರು ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. ತಲೆಮಾರುಗಳಿಂದ ಕಲಾವಿದರನ್ನು ಸಲಹಿದ ಅರಮನೆಯ ಆಶ್ರಯ ಕುಗ್ಗತೊಡಗಿತು. ಬಾಳಿನುದ್ದಕ್ಕೂ ಅರಮನೆಯನ್ನು ಆಶ್ರಯಿಸಿದ್ದ ವಾಸುದೇವಾಚಾರ್ಯರು, ಎಂಬತ್ತು ದಾಟಿದ ವಯಸ್ಸಿನಲ್ಲಿ, ರುಕ್ಮಿಣಿ ದೇವಿ ಅರುಂಡೇಲ್ ಅವರ ಆಹ್ವಾನದ ಮೇರೆಗೆ ಮದರಾಸಿನ ಕಲಾಕ್ಷೇತ್ರವನ್ನು ಸೇರಿದರು. ಕಚೇರಿಯ ಕೃತಿಗೂ ನೃತ್ಯನಾಟಕದ ಸಂಗೀತಕ್ಕೂ ಬಹಳ ಅಂತರವುಂಟು. ಅಲ್ಲಿ ಪಾತ್ರ, ಸನ್ನಿವೇಶ ಮತ್ತು ನರ್ತಕಿಯ ಹೆಜ್ಜೆ ಮೂರಕ್ಕೂ ಸ್ವರ ಹೊಂದಬೇಕು. ಆ ಇಳಿವಯಸ್ಸಿನಲ್ಲಿಯೂ ಇವರು ಈ ಹೊಸ ಕೆಲಸವನ್ನು ಕೈಗೆತ್ತಿಕೊಂಡು, ವಾಲ್ಮೀಕಿ ರಾಮಾಯಣವನ್ನು ಆಧರಿಸಿದ ನೃತ್ಯನಾಟಕ ಸರಣಿಯ ಮೊದಲ ಭಾಗಗಳಿಗೆ ಸಂಗೀತ ಸಂಯೋಜಿಸಿದರು. ಉಳಿದ ಭಾಗಗಳನ್ನು ಇವರ ಮೊಮ್ಮಗ ಎಸ್. ರಾಜಾರಾಂ ಪೂರ್ಣಗೊಳಿಸಿದರು.

ಸಾಹಿತ್ಯ ಮತ್ತು ಪುರಸ್ಕಾರಗಳು

ತಮ್ಮ ಕೃತಿಗಳನ್ನು ಇವರು ‘ವಾಸುದೇವ ಕೀರ್ತನ ಮಂಜರಿ’ಯಲ್ಲಿ ಪ್ರಕಟಿಸಿದರು. ಕನ್ನಡ ಗದ್ಯದಲ್ಲಿ ‘ನಾ ಕಂಡ ಕಲಾವಿದರು’ ಮತ್ತು ಆತ್ಮಕಥನವಾದ ‘ನೆನಪುಗಳು’ ಇವರ ಕೊಡುಗೆಗಳು. ಮೊದಲನೆಯದು ಇವರು ಕಂಡ ಸಂಗೀತಗಾರರ ವ್ಯಕ್ತಿಚಿತ್ರಗಳ ಸಂಗ್ರಹವಾಗಿದ್ದು, ಧ್ವನಿಮುದ್ರಣ ವಿರಳವಾಗಿದ್ದ ಕಾಲದ ಸಂಗೀತ ಜೀವನವನ್ನು ತಿಳಿಯಲು ಇಂದಿಗೂ ಆಧಾರವಾಗಿದೆ. 1954ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ 1959ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ ಇವರಿಗೆ ಸಂದವು.

1961ರ ಮೇ 17ರಂದು, ತೊಂಬತ್ತಾರು ವರ್ಷ ತುಂಬಲು ಹನ್ನೊಂದು ದಿನಗಳಿರುವಾಗ, ವಾಸುದೇವಾಚಾರ್ಯರು ನಿಧನರಾದರು.