ಸಮಪಾಲಿನ ಗುರು : ಜಾಕ್ ಮ್ಯಾಕ್‌ಹೇಲ್

ಕೆಲಸ ಮಾಡಿಸುವವನ ಪಾಲು ದೊಡ್ಡದು, ಕೆಲಸ ಮಾಡುವವನ ಪಾಲು ಚಿಕ್ಕದು ಎಂಬುದು ಎಲ್ಲ ಊರುಗಳ ರೂಢಿ. ತನ್ನ ಕೈಕೆಳಗಿನವರಿಗಿಂತ ಒಂದು ಕಾಸೂ ಹೆಚ್ಚಿಗೆ ಬೇಡವೆಂದ ಮುಂದಾಳನ್ನು ಲೋಕವು ಕಂಡದ್ದು ವಿರಳ. ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದಲ್ಲಿ ಅಂಥ ಒಬ್ಬರು ಬಾಳಿದ್ದರು. ಅವರೇ ಕಾಲಿಂಗ್‌ವುಡ್ ಫುಟ್‌ಬಾಲ್ ಕ್ಲಬ್ಬಿನ ಜಾಕ್ ಮ್ಯಾಕ್‌ಹೇಲ್.

ಈ ಫುಟ್‌ಬಾಲು ನಮ್ಮ ಮೈದಾನಗಳಲ್ಲಿ ಕಾಣುವ ಆಟವಲ್ಲ. ಅಂಡಾಕಾರದ ವಿಶಾಲವಾದ ಬಯಲು, ಅಂಡಾಕಾರದ ಚೆಂಡು, ಪ್ರತಿ ಪಕ್ಷಕ್ಕೆ 18 ಮಂದಿ. ಚೆಂಡನ್ನು ಕಾಲಿನಿಂದ ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಸಾಗಿಸಬಹುದು. ಬಯಲಿನ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು. ನಡುವಿನ ಜೋಡಿಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿನಲ್ಲಿ ಹೋದರೆ 1 ಅಂಕ. ಮೆಲ್ಬೋರ್ನಿನ ಜನರಿಗೆ ಇದರ ಮೇಲಿರುವ ಹುಚ್ಚು ಅಷ್ಟಿಷ್ಟಲ್ಲ.

ಜೇಮ್ಸ್ ಫ್ರಾನ್ಸಿಸ್ ಮ್ಯಾಕ್‌ಹೇಲ್ ಅವರು 1882ರಲ್ಲಿ ಸಿಡ್ನಿಯಲ್ಲಿ ಜನಿಸಿದರು. ತಂದೆತಾಯಿಗಳು ಐರ್ಲೆಂಡಿನಿಂದ ವಲಸೆ ಬಂದವರು. ಹೊಟ್ಟೆಪಾಡಿಗಾಗಿ ಕಡಲು ದಾಟಿದ ಆ ಸಂಸಾರವು ಮುಂದೆ ಮೆಲ್ಬೋರ್ನಿಗೆ ಬಂದು ನೆಲೆಸಿತು. ಬಾಲಕನು ಅಲ್ಲಿಯೇ ಓದಿದನು, ಅಲ್ಲಿಯೇ ಆಟವನ್ನು ಕಲಿತನು, ಬೆಳೆದು ಬೀರ್ ತಯಾರಿಸುವ ಕಾರ್ಖಾನೆಯಲ್ಲಿ ನೌಕರಿಗೆ ಸೇರಿದನು. ಆಟದಲ್ಲಿ ಎಷ್ಟು ಹೆಸರು ಬಂದರೂ ಮ್ಯಾಕ್‌ಹೇಲರು ಈ ದುಡಿಮೆಯನ್ನು ಬಿಡಲಿಲ್ಲ. ಹಗಲೆಲ್ಲ ಕಾರ್ಖಾನೆ, ಸಂಜೆ ಅಭ್ಯಾಸದ ಬಯಲು, ಶನಿವಾರ ಪಂದ್ಯ : ಇದೇ ಅವರ ಜೀವನಕ್ರಮವಾಯಿತು.

ಕಾಲಿಂಗ್‌ವುಡ್ ಎಂಬುದು ಜೋಡು ಹೊಲಿಯುವ, ಚರ್ಮ ಹದಮಾಡುವ ಕಾರ್ಖಾನೆಗಳಿಂದ ಕಿಕ್ಕಿರಿದ ಬಡವರ ಬಡಾವಣೆ. ಅಲ್ಲಿನ ಕೂಲಿಕಾರರಿಗೆ ವಾರವಿಡೀ ತಲೆತಗ್ಗಿಸಿ ದುಡಿದ ಮೇಲೆ ತಲೆಯೆತ್ತಿ ನಿಲ್ಲಲು ಇದ್ದ ತಾಣವೆಂದರೆ 1892ರಲ್ಲಿ ಸ್ಥಾಪಿತವಾದ ಈ ಕ್ಲಬ್ಬು. 1903ರಲ್ಲಿ ಮ್ಯಾಕ್‌ಹೇಲರು ಅದರ ಕಪ್ಪು ಬಿಳಿ ಪಟ್ಟೆಯ ಅಂಗಿಯನ್ನು ತೊಟ್ಟರು. ಮಿಂಚಿ ಮರೆಯಾಗುವ ಆಟಗಾರರಲ್ಲ ಅವರು. ಬಯಲಿನ ನಟ್ಟನಡುವೆ ನಿಂತು, ದಣಿವರಿಯದೆ ಆಡುವುದೇ ಅವರ ಶಕ್ತಿ. 1906ರಿಂದ 1917ರವರೆಗೆ ಒಂದನ್ನೂ ತಪ್ಪಿಸದೆ ಸಾಲಾಗಿ 191 ಪಂದ್ಯಗಳನ್ನು ಆಡಿದರೆಂದರೆ ಆ ದೇಹದಾರ್ಢ್ಯವನ್ನೂ ನಿಷ್ಠೆಯನ್ನೂ ಊಹಿಸಬಹುದು. ಒಟ್ಟು ಆಡಿದ್ದು 261 ಪಂದ್ಯ.

1912ರಲ್ಲಿ ಅವರಿಗೆ ಶಿಕ್ಷಕನ ಹೊಣೆ ಬಂದಿತು. ಅದನ್ನು ಅವರು ಇಳಿಸಿದ್ದು 1949ರ ಋತು ಮುಗಿದ ಮೇಲೆ. ಎರಡು ಮಹಾಯುದ್ಧಗಳೂ ಒಂದು ಮಹಾ ಆರ್ಥಿಕ ಮುಗ್ಗಟ್ಟೂ ಆ 38 ವರ್ಷಗಳಲ್ಲಿ ಬಂದುಹೋದವು. ಅವರ ಆಳ್ವಿಕೆಯಲ್ಲಿ ತಂಡವು 714 ಪಂದ್ಯಗಳನ್ನು ಆಡಿ 467ರಲ್ಲಿ ಗೆದ್ದಿತು. 8 ಸಲ ಲೀಗಿನ ಪ್ರಶಸ್ತಿಯನ್ನು ಪಡೆಯಿತು. 1927ರಿಂದ 1930ರವರೆಗೆ ಸತತವಾಗಿ ನಾಲ್ಕು ವರ್ಷ ಗೆದ್ದ ತಂಡಕ್ಕೆ ಜನರು ಯಂತ್ರವೆಂದೇ ಹೆಸರಿಟ್ಟರು. ಆ ನಾಲ್ಕರ ಸಾಲನ್ನು ಅಂದಿನಿಂದ 2024ರವರೆಗೆ ಬೇರಾವ ತಂಡವೂ ಸರಿಗಟ್ಟಲಿಲ್ಲ.

ಈ ಯಂತ್ರದ ಒಳಗುಟ್ಟು ಏನು? ಕಾಲಿಂಗ್‌ವುಡ್ಡಿನಲ್ಲಿ ಹೆಸರಾಂತನಿಗೂ ಹೊಸಬನಿಗೂ ಒಂದೇ ಸಂಭಾವನೆ. 1929ರ ಒಂದೇ ಋತುವಿನಲ್ಲಿ 124 ಗೋಲು ಹೊಡೆದ ಗಾರ್ಡನ್ ಕೊವೆಂಟ್ರಿಗೂ ಹಿಂದೆ ನಿಂತು ಗೋಲು ಕಾಯ್ದವನಿಗೂ ಭೇದವಿಲ್ಲ. ತಮಗೂ ಆಟಗಾರರಿಗಿಂತ ಹೆಚ್ಚು ಬೇಡವೆಂದು ಮ್ಯಾಕ್‌ಹೇಲರು ಹಟ ಹಿಡಿದರು. ಮುಗ್ಗಟ್ಟಿನ ಕಾಲದಲ್ಲಿ, 1930ರಲ್ಲಿ, ಲೀಗು ಆಟಗಾರನಿಗೆ ಪಂದ್ಯಕ್ಕೆ 3 ಪೌಂಡಿಗೆ ಮೀರಿ ಕೊಡಕೂಡದೆಂದು ಕಟ್ಟಳೆ ಮಾಡಿತು. ಆದರೂ ಶ್ರೀಮಂತ ಬೆಂಬಲಿಗರಿದ್ದ ಕ್ಲಬ್ಬುಗಳು ನೌಕರಿಯ ಆಸೆ ತೋರಿಸಿ ದೂರದ ಪ್ರಾಂತಗಳಿಂದ ಆಟಗಾರರನ್ನು ಕರೆಸಿಕೊಂಡವು. ದಿನಸಿ ಅಂಗಡಿಗಳ ಒಡೆಯ ಆರ್ಚಿ ಕ್ರಾಫ್ಟ್ಸ್ ಅವರ ನೆರವಿನಿಂದ ಸೌತ್ ಮೆಲ್ಬೋರ್ನ್ ತಂಡವು ಹೀಗೆಯೇ ಬಲಿತು 1933ರಲ್ಲಿ ಗೆದ್ದಿತು. ಆದರೆ 1935 ಮತ್ತು 1936ರ ಅಂತಿಮ ಪಂದ್ಯಗಳಲ್ಲಿ ಆ ತಂಡವನ್ನೇ ಮ್ಯಾಕ್‌ಹೇಲರ ಸಮಪಾಲಿನ ಹುಡುಗರು ಸೋಲಿಸಿದರು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಅವರು 17 ಅಂತಿಮ ಪಂದ್ಯಗಳಿಗೆ ತಂಡವನ್ನು ಕೊಂಡೊಯ್ದರು. ಗೆದ್ದದ್ದು 8, ಸೋತದ್ದು 9. 1929ರಲ್ಲಿ 18 ಪಂದ್ಯಗಳನ್ನೂ ಗೆದ್ದು ಬಂದವರು ಸೆಮಿಫೈನಲ್ಲಿನಲ್ಲಿ ರಿಚ್ಮಂಡಿಗೆ ಸೋತು, ಮತ್ತೆ ಅದೇ ರಿಚ್ಮಂಡನ್ನು ಅಂತಿಮದಲ್ಲಿ ಮಣಿಸಬೇಕಾಯಿತು. 1930ರ ಅಂತಿಮ ಪಂದ್ಯದ ದಿನ ಗುರುಗಳು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಕ್ಲಬ್ಬಿನ ಖಜಾಂಚಿ ಬಾಬ್ ರಶ್ ಅವರು ತಂಡವನ್ನು ನೋಡಿಕೊಂಡರು, ತಂಡವು ಗೆದ್ದಿತು. ಗುರುವು ಎದುರಿಗಿಲ್ಲದಾಗಲೂ ಶಿಷ್ಯರು ಗೆದ್ದರೆ ಅದು ಗುರುವಿಗೆ ಕುಂದಲ್ಲ, ಭೂಷಣ. ಆದರೆ 1936ರ ತರುವಾಯ ಕೊನೆಯ 13 ವರ್ಷ ಅವರಿಗೆ ಒಂದು ಪ್ರಶಸ್ತಿಯೂ ದಕ್ಕಲಿಲ್ಲ. 1937, 1938, 1939ರಲ್ಲಿ ಅಂತಿಮದವರೆಗೂ ಬಂದು ಸೋತರು. ಆ ಬರಗಾಲದಲ್ಲಿಯೂ ಅವರು ಬೇರೆ ಕ್ಲಬ್ಬಿನ ಬಾಗಿಲು ತಟ್ಟಲಿಲ್ಲ.

ಅವರ ಶಿಷ್ಯ ಫಾನ್ಸ್ ಕೈನ್ ಅವರ ಶಿಕ್ಷಣದಲ್ಲಿ ಕಾಲಿಂಗ್‌ವುಡ್ ತಂಡವು 1953ರ ಸೆಪ್ಟೆಂಬರ್ 26ರಂದು ಗೀಲಾಂಗ್ ತಂಡವನ್ನು ಸೋಲಿಸಿ, 17 ವರ್ಷಗಳ ಮೇಲೆ ಮತ್ತೆ ಪ್ರಶಸ್ತಿಯನ್ನು ಗೆದ್ದಿತು. ಮುದುಕರ ಕಣ್ಣು ತಣಿಯಿತು. ಮರುದಿನವೇ ಅವರಿಗೆ ಹೃದಯಾಘಾತವಾಯಿತು. ಅಕ್ಟೋಬರ್ 4ರಂದು, 70ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರ ಕಟ್ಟಳೆ ಅವರ ತರುವಾಯವೂ ಬಹುಕಾಲ ನಡೆಯಿತು. 1970ರಲ್ಲಿ ದೂರದಿಂದ ಬಂದ ಪೀಟರ್ ಈಕಿನ್ಸ್ ಎಂಬ ಆಟಗಾರನಿಗೆ ಹೆಚ್ಚು ಹಣ ಕೊಟ್ಟರೆಂದು ನಾಯಕ ಡೆಸ್ ಟಡೆನ್‌ಹ್ಯಾಮ್ ಮತ್ತು ಲೆನ್ ಥಾಮ್ಸನ್ ಮುಷ್ಕರ ಹೂಡಿದರು. ಸಮಪಾಲೆಂಬುದು ಒಬ್ಬನಿಗೆ ಸಡಿಲಿಸಿದೊಡನೆ ಎಲ್ಲರಿಗೂ ಮುರಿಯುವ ಕಟ್ಟು. ಅಲ್ಪ ಸಂಭಾವನೆಯನ್ನು ಆಟಗಾರರು ಅಷ್ಟು ವರ್ಷ ಸಹಿಸಿದ್ದು ಮುಂದಾಳೂ ಅದನ್ನೇ ತಿಂದು ಬದುಕುತ್ತಿದ್ದನೆಂಬ ನಂಬಿಕೆಯಿಂದ. ಆ ನಂಬಿಕೆ ಹೋದ ಮೇಲೆ ಉಳಿದದ್ದು ಬರಿಯ ಕಡಿಮೆ ಸಂಬಳ.

714 ಪಂದ್ಯಗಳ ದಾಖಲೆಯನ್ನು 2015ರಲ್ಲಿ ಮಿಕ್ ಮಾಲ್ಟ್‌ಹೌಸ್ ಅವರು ದಾಟಿದರು. ಆದರೆ ಅವರು ನಾಲ್ಕು ಕ್ಲಬ್ಬುಗಳಲ್ಲಿ ದುಡಿದು ಅಷ್ಟು ಪಂದ್ಯಗಳನ್ನು ಕಂಡವರು. ಮ್ಯಾಕ್‌ಹೇಲರು ಒಂದರಲ್ಲಿಯೇ ಕಂಡವರು. 2001ರಿಂದ ಪ್ರಶಸ್ತಿ ಗೆದ್ದ ತಂಡದ ಶಿಕ್ಷಕನಿಗೆ ಜಾಕ್ ಮ್ಯಾಕ್‌ಹೇಲ್ ಹೆಸರಿನ ಪದಕವನ್ನು ಕೊಡುತ್ತಾರೆ. ಹಗಲು ಬೀರ್ ಕಾರ್ಖಾನೆಯಲ್ಲಿ ದುಡಿದು, ತನ್ನ ಹುಡುಗರಷ್ಟೇ ಕೂಲಿ ಪಡೆದ ಮನುಷ್ಯನ ಹೆಸರು ಹೀಗೆ ವರ್ಷಕ್ಕೊಮ್ಮೆ ಗೆದ್ದವನ ಕೊರಳಲ್ಲಿ ತೂಗುತ್ತದೆ.