ಮೂಸಿ ತೀರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ

ಬಾಲಾನಗರದ ಬ್ಯಾಂಕ್ ಶಾಖೆಯಲ್ಲಿ ನಾವು ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಕೂಕಟ್‌ಪಲ್ಲಿ ನಾಲಾ ದಾಟುವಾಗ ಮೂಗು ಮುಚ್ಚಿಕೊಳ್ಳದೆ ಗತ್ಯಂತರವಿರಲಿಲ್ಲ. ಕಾರ್ಖಾನೆಗಳ ಬಣ್ಣದ ನೀರು ಹುಸೇನ್ ಸಾಗರದತ್ತ ಹರಿಯುವುದನ್ನು ಕಂಡಾಗಲೆಲ್ಲ ನಮಗೆ ವಿಶ್ವೇಶ್ವರಯ್ಯನವರ ನೆನಪಾಗುತ್ತಿತ್ತು. ಕನ್ನಂಬಾಡಿ ಕಟ್ಟೆಯ ಈ ಮಹನೀಯರು ಹೈದರಾಬಾದಿನ ಚರಂಡಿಗಾಗಿಯೂ ಶ್ರಮಿಸಿದರೆಂಬುದು ನಮ್ಮವರಲ್ಲೇ ಅನೇಕರಿಗೆ ತಿಳಿಯದು.

ಮುದ್ದೇನಹಳ್ಳಿಯಲ್ಲಿ ಜನಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಅವರು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ನೀರು ಒದಗಿಸುವಾಗ ನದೀಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನಲ್ಲಿ ಸೋಸಿ ಬಂದ ನೀರನ್ನು ಪಡೆದರು. 1901ರಲ್ಲಿ ಪ್ರಾಂತದ ನೈರ್ಮಲ್ಯ ಇಂಜಿನಿಯರ್ ಆದರು. 1906ರಲ್ಲಿ ಏಡನ್ ನಗರದ ನೀರು ಹಾಗೂ ಒಳಚರಂಡಿಗಳ ಯೋಜನೆಗೆ ಸಲಹೆಯಿತ್ತರು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮುಂಬಯಿ ಸೇವೆ ತೊರೆದು ಯೂರೋಪ್ ಪ್ರವಾಸದಲ್ಲಿದ್ದ ಅವರಿಗೆ ನಿಜಾಮ್ ಸರ್ಕಾರದ ಕರೆ ಹೋಯಿತು. 1909ರ ಏಪ್ರಿಲ್‌ನಲ್ಲಿ ಬಂದವರು ಮೊದಲು ಮಾಡಿದ್ದು ಲೆಕ್ಕಾಚಾರ. ಮೂಸಿಯ ಜಲಾನಯನದ 788 ಕೆರೆಗಳ ಪೈಕಿ 221 ಒಡೆದುಹೋಗಿದ್ದವು. ನಗರಕ್ಕಿಂತ ಮೇಲೆಯೇ ಪ್ರವಾಹವನ್ನು ಹಿಡಿದಿಡುವ ಜಲಾಶಯಗಳನ್ನು ಕಟ್ಟಬೇಕೆಂದು ಸೂಚಿಸಿದರು. ಅದರೊಡನೆಯೇ ನಗರಕ್ಕೆ ನೆಲದಡಿಯ ಚರಂಡಿ ವ್ಯವಸ್ಥೆಯ ಯೋಜನೆಯನ್ನೂ ರೂಪಿಸಿದರು. ಮನೆಮನೆಗೆ ನೀರು ತಂದು, ಬಳಸಿದ ನೀರಿಗೆ ದಾರಿ ಮಾಡದಿದ್ದರೆ ಅದೇ ನೀರು ಕೊಳಚೆಯಾಗಿ ಬೀದಿಯಲ್ಲಿ ನಿಲ್ಲುವುದಷ್ಟೆ!

ಆ ವರ್ಷದ ನವೆಂಬರ್‌ನಲ್ಲೇ ಅವರು ಮುಖ್ಯ ಇಂಜಿನಿಯರರಾಗಿ ಮೈಸೂರಿಗೆ ತೆರಳಿದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಯೋಜನೆ ಬರೆದವರು ಊರು ಬಿಟ್ಟೊಡನೆ ಕಡತ ನಿದ್ರಿಸುವುದು ಬ್ಯಾಂಕಿನವರಾದ ನಮಗೆ ಹೊಸದಲ್ಲ. ಆದರೂ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಹಿಂದುಳಿದದ್ದು ಚರಂಡಿಯ ಕೆಲಸ. ಅದಕ್ಕಾಗಿ 1922ರಲ್ಲೂ 1930ರಲ್ಲೂ ಅವರು ಮತ್ತೆ ಇಲ್ಲಿಗೆ ಬಂದರು. ದಿವಾನಗಿರಿ ಮುಗಿಸಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಪರ ಊರಿನ ಕೊಳಚೆಯ ಚಿಂತೆಗಾಗಿ ಬಂದ ಈ ಹಿರಿಯರಿಗೆ ನಾವು ತಲೆಬಾಗಲೇಬೇಕು.

ಬಾಲಾನಗರದ ಕಾರ್ಖಾನೆಗಳು ಆ ಯೋಜನೆಯ ನಂತರ ಬಂದವು. ಅವುಗಳ ರಾಸಾಯನಿಕ ನೀರಿಗೆ ಮರಳಿನ ಸೋಸುವಿಕೆ ಸಾಲದು. ಕಲಾ ಪದವೀಧರರಾದ ನಮಗೆ ಅರ್ಥವಾದಂತೆ, ಎಲೆಕ್ಟ್ರಾನ್ ಕಿರಣಗಳನ್ನು ಹಾಯಿಸಿ ಅಣುಗಳನ್ನು ಸರಪಳಿಯಂತೆ ಬೆಸೆದು ಪಾಲಿಮರ್ ತಯಾರಿಸುವ ವಿದ್ಯೆ ಈಗ ಉಂಟು; ಅಂಥ ಪಾಲಿಮರ್ ನೀರಿನಲ್ಲಿ ತೇಲುವ ಕಲ್ಮಶವನ್ನು ಗಂಟುಗಟ್ಟಿಸಿ ತಳಕ್ಕೆ ಇಳಿಸುತ್ತದೆ. ಆದರೆ ಕೊಳಚೆ ಶುದ್ಧೀಕರಣ ಘಟಕವನ್ನು ತಲುಪಿದರೆ ತಾನೆ? ತಲುಪಿಸುವ ಕೊಳವೆ ಮೊದಲು ಬೇಕು.

1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು, ನೂರು ವರ್ಷ ದಾಟಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.