ಹಕೀಂ ಅಜ್ಮಲ್ ಖಾನ್ ಮತ್ತು ಸರ್ಪಗಂಧದ ಬೇರು

ಹೆಡತಲೆ ಕಡೆಯಿಂದ ನಂಜನಗೂಡಿಗೆ ಓಡಾಡುವ ನಮಗೆಲ್ಲ ಒಂದು ಕಥೆ ಗೊತ್ತು. ಟಿಪ್ಪು ಸುಲ್ತಾನರ ಆನೆಯ ಕಣ್ಣುಬೇನೆ ನಂಜುಂಡೇಶ್ವರನ ಸನ್ನಿಧಿಯಲ್ಲಿ ವಾಸಿಯಾಯಿತಂತೆ. ಅಂದಿನಿಂದ ಸುಲ್ತಾನರು ಆ ದೇವರನ್ನು ಹಕೀಂ ನಂಜುಂಡ ಎಂದು ಕರೆದರಂತೆ. ಹಕೀಂ ಎಂದರೆ ನಮ್ಮ ಉರ್ದುವಿನಲ್ಲಿ ವೈದ್ಯ. ಆ ಹೆಸರಿಗೆ ಗೌರವ ತಂದ ಒಬ್ಬ ಮಹನೀಯರ ಬದುಕು ಇದು.

ಹಕೀಂ ಅಜ್ಮಲ್ ಖಾನ್ 1868ರಲ್ಲಿ ದೆಹಲಿಯ ಯುನಾನಿ ವೈದ್ಯರ ಮನೆತನದಲ್ಲಿ ಹುಟ್ಟಿದರು. ಬಡವರಿಗೆ ಉಚಿತವಾಗಿ ಔಷಧಿ ಕೊಡುತ್ತಿದ್ದರು. ರಾಜರು ತಮ್ಮ ಊರಿಗೆ ಕರೆಸಿಕೊಂಡರೆ ಮಾತ್ರ ದಿನಕ್ಕೆ 1000 ರೂಪಾಯಿ ಪಡೆಯುತ್ತಿದ್ದರೆಂದು ಹೇಳುತ್ತಾರೆ. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಈ ಲೆಕ್ಕ ತುಂಬಾ ಹಿಡಿಸಿತು. ಅವರ ಹಿಂದುಸ್ತಾನಿ ದವಾಖಾನೆಯ ಆದಾಯ ದೆಹಲಿಯ ತಿಬ್ಬಿಯಾ ಕಾಲೇಜಿಗೆ ಹೋಗುತ್ತಿತ್ತು. 1921ರಲ್ಲಿ ಗಾಂಧೀಜಿ ಉದ್ಘಾಟಿಸಿದ ಆ ಕಾಲೇಜಿನಲ್ಲಿ ಯುನಾನಿ, ಆಯುರ್ವೇದ ಎರಡನ್ನೂ ಕಲಿಸುತ್ತಿದ್ದರು. ಬ್ರಿಟಿಷ್ ಸರ್ಕಾರ ಕೊಟ್ಟಿದ್ದ ಬಿರುದನ್ನು ಅವರು 1920ರಲ್ಲಿ ಬಿಟ್ಟುಕೊಟ್ಟರು. ಜಾಮಿಯಾ ಮಿಲ್ಲಿಯಾದ ಮೊದಲ ಕುಲಪತಿಯಾದರು. 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು.

ಆ ಕಾಲದಲ್ಲಿ ನಾಡಮದ್ದು ಎಂದರೆ ಮೂಢನಂಬಿಕೆ ಎನ್ನುವವರು ಬಹಳ ಇದ್ದರು. ಅಜ್ಮಲ್ ಖಾನರು ಅವರೊಡನೆ ಜಗಳಕ್ಕೆ ನಿಲ್ಲಲಿಲ್ಲ. ನಮ್ಮ ಮದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕೆಂದು ನಿರ್ಧರಿಸಿದರು. ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಸಲೀಮುಜ್ಜಮಾನ್ ಸಿದ್ದಿಕಿಯವರಿಗೆ ನೆರವಾಗಿ, ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನೆ ನಡೆಸಲು ಕರೆದರು.

ಸಿದ್ದಿಕಿಯವರು ಪರೀಕ್ಷಿಸಿದ್ದು ಸರ್ಪಗಂಧದ ಬೇರನ್ನು. ಯುನಾನಿಯಲ್ಲಿ ಇದಕ್ಕೆ ಅಸ್ರೋಲ್ ಎನ್ನುತ್ತಾರೆ. ಹೊಟ್ಟೆನೋವು, ನಿದ್ರಾಹೀನತೆ, ಮನೋರೋಗಗಳಿಗೆ ಹಿಂದಿನವರು ಇದನ್ನು ಕೊಡುತ್ತಿದ್ದರು. 1931ರಲ್ಲಿ ಆ ಬೇರಿನಿಂದ ಬೇರ್ಪಡಿಸಿದ ಒಂದು ವಸ್ತುವಿಗೆ ಸಿದ್ದಿಕಿಯವರು ಅಜ್ಮಲೀನ್ ಎಂದು ಹೆಸರಿಟ್ಟರು. ಆದರೆ ಅದನ್ನು ನೋಡಲು ಅಜ್ಮಲ್ ಖಾನರು ಇರಲಿಲ್ಲ. 1927ರ ಡಿಸೆಂಬರ್ 29ರಂದೇ ತೀರಿಕೊಂಡಿದ್ದರು. ಇಂದು ಆಸ್ಪತ್ರೆಗಳಲ್ಲಿ ಹೃದಯ ಬಡಿತದ ಒಂದು ಬಗೆಯ ದೋಷವನ್ನು ಪತ್ತೆಹಚ್ಚಲು ಅಜ್ಮಲೀನ್ ಬಳಸುತ್ತಾರೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಇದೇ ಬೇರಿನಿಂದ ರಕ್ತದೊತ್ತಡ ಇಳಿಸುವ ರಿಸರ್ಪಿನ್ ಅನ್ನು ಪಡೆದರು.

ಗೆಳೆಯರೇ, ನಮ್ಮ ಮನೆಗಳಲ್ಲೂ ನೋವಿಗೆ ಸೊಪ್ಪು, ಬೇರು, ಕಷಾಯ ಕೊಡುವ ಹಿರಿಯರಿದ್ದಾರೆ. ಅವರನ್ನು ನೋಡಿ ನಗುವುದು ಬೇಡ. ಹಾಗೆಂದು ಕಣ್ಣುಮುಚ್ಚಿ ಕುಡಿಯುವುದೂ ಬೇಡ. ಸರ್ಪಗಂಧವನ್ನು ಅಳತೆ ತಪ್ಪಿ ಸೇವಿಸಿದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಮ್ಮ ವಿದ್ಯೆಯನ್ನು ಪ್ರೀತಿಸಿದ ಅಜ್ಮಲ್ ಖಾನರು ಅದನ್ನು ಪರೀಕ್ಷೆಗೆ ಒಡ್ಡಲು ಹೆದರಲಿಲ್ಲ. ನಾವು ಅವರಿಂದ ಕಲಿಯಬೇಕಾದದ್ದು ಇದನ್ನೇ.